ಪೇಸ್‌ಮೇಕರ್ ಇರುವವರ ಮನೆಯಲ್ಲಿ ಇಂಡಕ್ಷನ್ ಒಲೆ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹಳ್ಳಿಯ ಅಡುಗೆಮನೆಗೆ ಸೌದೆ ಒಲೆಯ ನಂತರ ಸೀಮೆಎಣ್ಣೆ ಸ್ಟೌ ಬಂದಿತು, ಅದರ ನಂತರ ಗ್ಯಾಸ್ ಬಂದಿತು. ಈಗ ಅನೇಕ ಮನೆಗಳಲ್ಲಿ ಗ್ಯಾಸ್ ಒಲೆಯ ಪಕ್ಕದಲ್ಲಿಯೇ ವಿದ್ಯುತ್ತಿನ ಇಂಡಕ್ಷನ್ ಒಲೆಯೂ ಕುಳಿತಿದೆ. ಸಿಲಿಂಡರ್ ಮುಗಿದ ದಿನ ಅದೇ ಕೈಹಿಡಿಯುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ, ಹಾಲು ಬೇಗ ಕಾಯುತ್ತದೆ. ಇನ್ನೊಂದು ಕಡೆ, ಹೃದಯದ ಬಡಿತ ನಿಧಾನವಾದವರಿಗೆ ಪೇಸ್‌ಮೇಕರ್ ಅಳವಡಿಸುವ ಚಿಕಿತ್ಸೆಯೂ ಹಳ್ಳಿಯವರಿಗೆ ಎಟುಕಿದೆ. ಬೆಂಗಳೂರು, ಮೈಸೂರು, ಕಲಬುರಗಿಗಳ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿಯೂ ಇತರ ಅನೇಕ ಆಸ್ಪತ್ರೆಗಳಲ್ಲಿಯೂ ಇದನ್ನು ಅಳವಡಿಸುತ್ತಾರೆ.

ಹೀಗೆ ಒಂದೇ ಮನೆಯಲ್ಲಿ ಇವೆರಡೂ ಸೇರಿದಾಗ ಒಂದು ಪ್ರಶ್ನೆ ಏಳುತ್ತದೆ: "ಅತ್ತೆಗೆ ಪೇಸ್‌ಮೇಕರ್ ಹಾಕಿದ್ದಾರೆ, ಅವರು ಈ ಒಲೆಯ ಮುಂದೆ ನಿಲ್ಲಬಹುದೇ?" ಇದಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. "ಆ ಒಲೆಯನ್ನು ಮನೆಯಿಂದಲೇ ಹೊರಗೆ ಹಾಕಿ" ಎನ್ನುವವರು ಕೆಲವರು. "ಏನೂ ಆಗುವುದಿಲ್ಲ, ಸುಮ್ಮನೆ ಅಡುಗೆ ಮಾಡಿ" ಎನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಮೊದಲನೆಯ ಮಾತನ್ನು ಕೇಳಿದರೆ ಹೃದಯದ ತೊಂದರೆಯಿರುವ ಹೆಂಗಸು ಮತ್ತೆ ಸೌದೆ ಒಲೆಯ ಹೊಗೆಯಲ್ಲಿ ಕೂರಬೇಕಾದೀತು. ಆ ಹೊಗೆ ಹೃದಯಕ್ಕೂ ಶ್ವಾಸಕೋಶಕ್ಕೂ ಕೆಟ್ಟದ್ದು. ಎರಡನೆಯ ಮಾತನ್ನು ಕೇಳಿದರೆ ತಲೆಸುತ್ತಿ ಕುದಿಯುವ ಪಾತ್ರೆಯ ಮೇಲೆ ಬೀಳುವ ಸಂಭವವಿದೆ. ಸರಿಯಾದ ಉತ್ತರ ಇವೆರಡರ ನಡುವೆ ಇದೆ. ಅದು ದೂರದ ಲೆಕ್ಕ. ಆ ಲೆಕ್ಕವನ್ನು ಇಂದು ವಿವರಿಸುತ್ತೇನೆ.

ಪೇಸ್‌ಮೇಕರ್ ಮಾಡುವ ಕೆಲಸ

ನಮ್ಮ ಹೃದಯದೊಳಗೆ ಹುಟ್ಟಿನಿಂದಲೇ ಒಂದು ವಿದ್ಯುತ್ ವ್ಯವಸ್ಥೆಯಿದೆ. ಹೃದಯದ ಮೇಲ್ಭಾಗದ ಒಂದು ಸಣ್ಣ ಗಂಟಿನಿಂದ ಮಿಡಿತವೊಂದು ಹೊರಟು ಇಡೀ ಹೃದಯಕ್ಕೆ ಹರಿದಾಗ ಅದು ಒಮ್ಮೆ ಬಡಿಯುತ್ತದೆ. ಸುಮ್ಮನೆ ಕುಳಿತಿರುವಾಗ ದೊಡ್ಡವರಲ್ಲಿ ಇದು ನಿಮಿಷಕ್ಕೆ 60ರಿಂದ 100 ಬಾರಿ ನಡೆಯುತ್ತದೆ. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಈ ವ್ಯವಸ್ಥೆ ಕೆಟ್ಟರೆ ಬಡಿತ ತೀರ ನಿಧಾನವಾಗುತ್ತದೆ ಅಥವಾ ನಡುನಡುವೆ ತಪ್ಪುತ್ತದೆ. ಆಗ ಸುಸ್ತು, ತಲೆಸುತ್ತು, ಕಣ್ಣು ಕತ್ತಲೆಗಟ್ಟಿ ಬೀಳುವುದು ಮುಂತಾದವು ಕಾಣಿಸಿಕೊಳ್ಳುತ್ತವೆ.

ಪೇಸ್‌ಮೇಕರ್ ಎಂಬುದು ಬೆಂಕಿಪೆಟ್ಟಿಗೆಗಿಂತ ತೆಳ್ಳಗಿನ ಒಂದು ಲೋಹದ ಡಬ್ಬಿ. ಒಳಗೆ ಬ್ಯಾಟರಿಯೂ ವಿದ್ಯುತ್ ಮಂಡಲವೂ ಇರುತ್ತವೆ. ಇದನ್ನು ಹೆಗಲಿನ ಕೊರಳೆಲುಬಿನ ಕೆಳಗೆ, ಸಾಮಾನ್ಯವಾಗಿ ಎಡಭಾಗದಲ್ಲಿ, ಚರ್ಮದಡಿಯಲ್ಲಿ ಇಡುತ್ತಾರೆ. ಅದರಿಂದ ಹೊರಟ ತೆಳುವಾದ ತಂತಿ ರಕ್ತನಾಳದ ಮೂಲಕ ಹೃದಯವನ್ನು ಮುಟ್ಟುತ್ತದೆ. ಈ ಉಪಕರಣಕ್ಕೆ ಎರಡು ಕೆಲಸ. ಹೃದಯ ತಾನಾಗಿ ಬಡಿಯುತ್ತಿದೆಯೇ ಎಂದು ಸದಾ ಆಲಿಸುವುದು ಒಂದು. ಬಡಿಯದಿದ್ದರೆ ಸಣ್ಣ ಮಿಡಿತ ಕೊಟ್ಟು ಬಡಿಸುವುದು ಇನ್ನೊಂದು. ಆಲಿಸುವ ಕೆಲಸವನ್ನು ಚೆನ್ನಾಗಿ ನೆನಪಿಡಿ, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ.

ಮನುಷ್ಯನ ದೇಹದೊಳಗೆ ಮೊದಲ ಬಾರಿಗೆ ಪೇಸ್‌ಮೇಕರ್ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ ದೇಶದಲ್ಲಿ. ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರ್ ಅದನ್ನು ತಯಾರಿಸಿದರು, ಸೆನ್ನಿಂಗ್ ಎಂಬ ಶಸ್ತ್ರವೈದ್ಯರು ಅಳವಡಿಸಿದರು. ಆ ಮೊದಲ ಉಪಕರಣ ಕೆಲವೇ ಗಂಟೆ ನಡೆಯಿತು. ಆದರೆ ಅದನ್ನು ಪಡೆದ ಆರ್ನೆ ಲಾರ್ಸನ್ ಒಂದಾದ ಮೇಲೊಂದು ಪೇಸ್‌ಮೇಕರ್ ಬದಲಿಸಿಕೊಳ್ಳುತ್ತ 2001ರವರೆಗೆ, 86 ವರ್ಷ ವಯಸ್ಸಿನವರೆಗೆ ಬದುಕಿದರು. ತಯಾರಿಸಿದ ಎಂಜಿನಿಯರ್‌ಗಿಂತಲೂ ಅಳವಡಿಸಿದ ವೈದ್ಯರಿಗಿಂತಲೂ ಹೆಚ್ಚು ಕಾಲ ಬಾಳಿದರು. ಪೇಸ್‌ಮೇಕರ್ ಹಾಕಿಸಿಕೊಂಡವರ ಬದುಕು ಅಲ್ಲಿಗೆ ಮುಗಿಯಿತೆಂದು ಭಾವಿಸುವವರಿಗಾಗಿ ಈ ಮಾತು ಹೇಳಿದೆ.

ಇಂಡಕ್ಷನ್ ಒಲೆ ಮಾಡುವ ಕೆಲಸ

ಇಂಡಕ್ಷನ್ ಒಲೆಯಲ್ಲಿ ಬೆಂಕಿಯಿಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದು ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಒಲೆಯು ಅದನ್ನು ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಆವರ್ತನಕ್ಕೆ ಏರಿಸಿ ಈ ಸುರುಳಿಯಲ್ಲಿ ಹರಿಸುತ್ತದೆ. ಆಗ ಸುರುಳಿಯ ಸುತ್ತ ವೇಗವಾಗಿ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಮೇಲೆ ಕಬ್ಬಿಣದ ಅಥವಾ ಅಯಸ್ಕಾಂತಕ್ಕೆ ಅಂಟುವ ತಳದ ಸ್ಟೀಲ್ ಪಾತ್ರೆ ಇಟ್ಟರೆ ಅದರ ತಳದಲ್ಲಿ ಸುಳಿಯಂತೆ ವಿದ್ಯುತ್ ಹರಿದು ಪಾತ್ರೆಯೇ ಬಿಸಿಯಾಗುತ್ತದೆ. ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಹುಟ್ಟುವ ಈ ತತ್ವವನ್ನು 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದರು. ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ ನಡೆಯುವುದೂ ಇದೇ ತತ್ವದ ಮೇಲೆ. ಸಾಮಾನ್ಯ ಅಲ್ಯೂಮಿನಿಯಂ ಪಾತ್ರೆ, ಮಣ್ಣಿನ ಮಡಕೆ ಈ ಒಲೆಯ ಮೇಲೆ ಕಾಯದಿರುವುದು ಇದರಿಂದಲೇ.

ಈ ಕಾಂತಕ್ಷೇತ್ರದ ಮೂರು ಗುಣಗಳನ್ನು ತಿಳಿದಿದ್ದರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

1. ಒಲೆ ಉರಿಯುತ್ತಿರುವಾಗ ಮಾತ್ರ ಅದು ಇರುತ್ತದೆ. ಆರಿಸಿದ ಕೂಡಲೇ ಇಲ್ಲವಾಗುತ್ತದೆ.

2. ದೂರ ಹೋದಂತೆ ಅದು ಬಹು ಬೇಗ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಅದರ ಬಲ ಅರ್ಧಕ್ಕಿಂತಲೂ ಬಹಳ ಕೆಳಗಿಳಿಯುತ್ತದೆ.

3. ಪಾತ್ರೆ ಸುರುಳಿಯನ್ನು ಪೂರ್ತಿ ಮುಚ್ಚಿ ನಡುವೆ ಕುಳಿತಿದ್ದರೆ ಕ್ಷೇತ್ರ ಬಹುಪಾಲು ಪಾತ್ರೆಯಲ್ಲಿಯೇ ಹಿಡಿದಿಡಲ್ಪಡುತ್ತದೆ. ಪಾತ್ರೆ ಸಣ್ಣದಾಗಿದ್ದರೆ ಅಥವಾ ಪಕ್ಕಕ್ಕೆ ಸರಿದಿದ್ದರೆ ಹೊರಕ್ಕೆ ಸೋರುತ್ತದೆ.

ಇವೆರಡಕ್ಕೂ ಎಲ್ಲಿ ಹೊಂದುವುದಿಲ್ಲ?

ಹೃದಯದ ಬಡಿತದ ವಿದ್ಯುತ್ ಸಂಕೇತ ಬಹಳ ಸಣ್ಣದು, ಒಂದು ವೋಲ್ಟಿನ ಸಾವಿರದ ಕೆಲವೇ ಭಾಗದಷ್ಟು. ಅಷ್ಟು ಮೆಲುದನಿಯನ್ನು ಆಲಿಸುವ ಪೇಸ್‌ಮೇಕರ್‌ನ ಪಕ್ಕದಲ್ಲಿ ಬೇರೊಂದು ವಿದ್ಯುತ್ತು ಗದ್ದಲ ಮಾಡಿದರೆ ಅದು ಗೊಂದಲಕ್ಕೆ ಒಳಗಾಗಬಹುದು. ಆಗ ಎರಡು ರೀತಿ ಆಗಬಹುದು. ಒಂದು, ಗದ್ದಲವೆಂದು ಗುರುತಿಸಿ, ಆಲಿಸುವುದನ್ನು ಬಿಟ್ಟು, ಗೊತ್ತುಪಡಿಸಿದ ಒಂದೇ ವೇಗದಲ್ಲಿ ಮಿಡಿತ ಕೊಡತೊಡಗುತ್ತದೆ. ಹೆಚ್ಚಾಗಿ ಆಗುವುದು ಇದೇ. ಎರಡು, ಗದ್ದಲವನ್ನೇ ಹೃದಯದ ಬಡಿತವೆಂದು ತಿಳಿದು ತಾನು ಕೊಡಬೇಕಾದ ಮಿಡಿತವನ್ನು ಕೊಡದೆ ನಿಲ್ಲುತ್ತದೆ. ಇದು ಅಪರೂಪ. ಆದರೆ ಪೂರ್ತಿಯಾಗಿ ಪೇಸ್‌ಮೇಕರ್ ಮೇಲೆಯೇ ಅವಲಂಬಿಸಿರುವ ವ್ಯಕ್ತಿಗೆ ಆಗ ತಲೆಸುತ್ತು ಬಂದು ಬೀಳಬಹುದು. ದೂರ ಸರಿದರೆ ಪೇಸ್‌ಮೇಕರ್ ಸಾಮಾನ್ಯವಾಗಿ ಮತ್ತೆ ಎಂದಿನಂತೆ ಕೆಲಸಕ್ಕೆ ಮರಳುತ್ತದೆ.

ಈ ವಿಷಯವನ್ನು ಪರೀಕ್ಷಿಸಿ ನೋಡಿದ ವರದಿಯೊಂದು 2006ರಲ್ಲಿ ಯುರೋಪಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟವಾಯಿತು. ಏಕಧ್ರುವ ತಂತಿಯ ಪೇಸ್‌ಮೇಕರ್ ಎಡಭಾಗದಲ್ಲಿದ್ದು, ಪಾತ್ರೆ ಸುರುಳಿಯ ನಡುವೆ ಇಲ್ಲದೆ ಸರಿದಿದ್ದು, ವ್ಯಕ್ತಿಯೂ ಒಲೆಗೆ ಆದಷ್ಟು ಒತ್ತಿ ನಿಂತಿದ್ದರೆ ತೊಂದರೆಯ ಸಂಭವವಿದೆ ಎಂಬುದು ಅದರ ತೀರ್ಮಾನ. ಪಾತ್ರೆಯನ್ನು ಬಹಳ ಹೊತ್ತು ಮುಟ್ಟಿಕೊಂಡಿದ್ದರೆ ಅದರಿಂದ ದೇಹಕ್ಕೆ ಹರಿಯುವ ಅಲ್ಪ ಸೋರಿಕೆ ವಿದ್ಯುತ್ತೂ ಏಕಧ್ರುವ ಪೇಸ್‌ಮೇಕರ್‌ಗೆ ಕೇಳಿಸಬಹುದೆಂದು ಅದು ತಿಳಿಸಿತು. ಏಕಧ್ರುವದಲ್ಲಿ ತಂತಿಯ ತುದಿ ಒಂದು ಧ್ರುವ, ಎದೆಯ ಡಬ್ಬಿ ಇನ್ನೊಂದು ಧ್ರುವ. ಅದು ಆಲಿಸುವ ಹರವು ದೊಡ್ಡದು. ದ್ವಿಧ್ರುವದಲ್ಲಿ ಎರಡು ಧ್ರುವಗಳೂ ತಂತಿಯ ತುದಿಯಲ್ಲಿ ಹತ್ತಿರಹತ್ತಿರ ಇರುತ್ತವೆ; ಹೊರಗಿನ ಗದ್ದಲ ಅದಕ್ಕೆ ಕಡಿಮೆ ಕೇಳಿಸುತ್ತದೆ. ಇಂದು ಅಳವಡಿಸುವ ತಂತಿಗಳು ಬಹುಮಟ್ಟಿಗೆ ದ್ವಿಧ್ರುವದವು. ಹಿಂದೆ ಹಾಕಿಸಿಕೊಂಡವರಲ್ಲಿ ಏಕಧ್ರುವದವು ಇರಬಹುದು. ನಿಮ್ಮದು ಯಾವುದೆಂದು ಆಸ್ಪತ್ರೆಯಲ್ಲಿ ಕೇಳಿ ತಿಳಿಯಿರಿ.

ಎರಡು ಅಡಿಯ ನಿಯಮ

ಪೇಸ್‌ಮೇಕರ್‌ಗೂ ಉರಿಯುತ್ತಿರುವ ಇಂಡಕ್ಷನ್ ಒಲೆಗೂ ನಡುವೆ ಕನಿಷ್ಠ 60 ಸೆಂಟಿಮೀಟರ್, ಅಂದರೆ 2 ಅಡಿ ಅಂತರವಿರಬೇಕು. ಇದು ಸಾಮಾನ್ಯವಾಗಿ ಕೊಡುವ ಸಲಹೆ. ನಿಮ್ಮ ವೈದ್ಯರು ಇದಕ್ಕಿಂತ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಿ. ನಮ್ಮ ಅಳತೆಯಲ್ಲಿ ಒಂದೂವರೆ ಮೊಳ ಎಂದು ಇಟ್ಟುಕೊಂಡರೆ ಸ್ವಲ್ಪ ಹೆಚ್ಚೇ ಆಗುತ್ತದೆ, ಕಡಿಮೆಯಾಗುವುದಿಲ್ಲ.

ಈ ದೂರವನ್ನು ಅಳೆಯಬೇಕಾದದ್ದು ಕಾಲಿನಿಂದಲ್ಲ, ಹೊಟ್ಟೆಯಿಂದಲೂ ಅಲ್ಲ, ಎದೆಯ ಮೇಲಿನ ಗಾಯದ ಗುರುತಿನಿಂದ. 2 ಅಡಿಯ ಒಂದು ದಾರವನ್ನು ಕತ್ತರಿಸಿಕೊಳ್ಳಿ. ಒಲೆಯನ್ನು ಉರಿಸದೆ, ಎಂದಿನಂತೆ ಅಡುಗೆ ಮಾಡುವ ಭಂಗಿಯಲ್ಲಿ ನಿಲ್ಲಿ. ಮನೆಯ ಇನ್ನೊಬ್ಬರು ದಾರದ ಒಂದು ತುದಿಯನ್ನು ಗಾಯದ ಗುರುತಿನ ಮೇಲೆ ಹಿಡಿದು, ಇನ್ನೊಂದು ತುದಿಯನ್ನು ಒಲೆಯ ಮೇಲಿನ ವೃತ್ತದ ಹತ್ತಿರದ ಅಂಚಿನ ಕಡೆಗೆ ಎಳೆಯಲಿ. ದಾರ ಅಂಚನ್ನು ದಾಟಿ ಒಳಗೆ ಹೋದರೆ ನೀವು ತೀರ ಹತ್ತಿರದಲ್ಲಿದ್ದೀರಿ. ಒಲೆಯನ್ನು ಕಟ್ಟೆಯ ಹಿಂಭಾಗಕ್ಕೆ ಸರಿಸಿ ಅಥವಾ ನೀವು ಒಂದು ಹೆಜ್ಜೆ ಹಿಂದೆ ನಿಲ್ಲಿ. ನಿಲ್ಲುವ ಜಾಗದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದುಕೊಂಡರೆ ಮರೆವಿಗೆ ಆಸ್ಪದವಿಲ್ಲ. ಬಾಗಿದರೆ ಈ ಅಂತರ ಅರ್ಧವಾಗುತ್ತದೆ ಎಂಬುದನ್ನೂ ದಾರ ತೋರಿಸಿಕೊಡುತ್ತದೆ.

ನಮ್ಮ ಅಡುಗೆಯ ರೀತಿಗೆ ತಕ್ಕ ಎಚ್ಚರಿಕೆ

ಪೇಸ್‌ಮೇಕರ್ ಜೊತೆಗೆ ಬರುವ ಪುಸ್ತಿಕೆಗಳಲ್ಲಿ ಮುದ್ದೆಯ ವಿಷಯ ಬರೆದಿರುವುದಿಲ್ಲ. ಆದ್ದರಿಂದ ನಮ್ಮ ಅಡುಗೆಗೆ ಈ ನಿಯಮವನ್ನು ನಾವೇ ಹೊಂದಿಸಿಕೊಳ್ಳಬೇಕಾಗಿದೆ.

1. ರಾಗಿ ಮುದ್ದೆ: ಹಿಟ್ಟನ್ನು ಕೋಲಿನಿಂದ ತಿರುವುವಾಗ ಎರಡೂ ಕೈಗಳ ಬಲ ಹಾಕಿ ಪಾತ್ರೆಯ ಮೇಲೆಯೇ ಬಾಗುತ್ತೇವೆ. ಎದೆ ಪಾತ್ರೆಗೆ ಒಂದು ಗೇಣಿನಷ್ಟು ಹತ್ತಿರ ಬಂದರೂ ಬಂದೀತು. ಆದುದರಿಂದ ಉರಿಯುತ್ತಿರುವ ಇಂಡಕ್ಷನ್ ಒಲೆಯ ಮೇಲೆ ಹಿಟ್ಟು ತಿರುವಲೇಬಾರದು. ಎಸರು ಕಾಯಿಸಿ, ಹಿಟ್ಟು ಬೇಯಿಸಿ, ಒಲೆ ಆರಿಸಿ, ಪಾತ್ರೆಯನ್ನು ಕೆಳಗಿಳಿಸಿ, ಹಿಂದಿನವರು ಮಾಡುತ್ತಿದ್ದಂತೆ ಕವೆಗೋಲು ಹಾಕಿ ತಿರುವಿರಿ. ಆಗ ಯಾವ ಭಯವೂ ಇಲ್ಲ. ಪೇಸ್‌ಮೇಕರ್ ಹಾಕಿದ ಮೊದಲ ಕೆಲವು ವಾರ ಮಾತ್ರ ಆ ಭಾಗದ ತೋಳಿಗೆ ಭಾರ ಕೊಡಬಾರದು. ವೈದ್ಯರು ಒಪ್ಪಿಗೆ ಕೊಡುವವರೆಗೆ ಮುದ್ದೆ ತಿರುವುವುದನ್ನೂ ಕೊಡ ಎತ್ತುವುದನ್ನೂ ಬೇರೆಯವರಿಗೆ ಬಿಡಿ.

2. ರೊಟ್ಟಿ: ಹೆಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಮಗುಚುವಾಗ ಪ್ರತಿ ಸಲವೂ ಬಾಗುತ್ತೇವೆ. ಹತ್ತಾರು ರೊಟ್ಟಿ ಬೇಯಿಸುವುದಿದ್ದರೆ ಗ್ಯಾಸ್ ಒಲೆಯೇ ಮೇಲು. ಗ್ಯಾಸಿನ ಉರಿಯಿಂದ ಪೇಸ್‌ಮೇಕರ್‌ಗೆ ಯಾವ ತೊಂದರೆಯೂ ಇಲ್ಲ.

3. ನೆಲದ ಮೇಲಿನ ಒಲೆ: ಒಲೆಯನ್ನು ನೆಲದ ಮೇಲಿಟ್ಟು ಕುಕ್ಕರಗಾಲಿನಲ್ಲಿ ಕುಳಿತರೆ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಪೇಸ್‌ಮೇಕರ್ ಇರುವವರು ನೇರವಾಗಿ ನಿಂತು ಅಡುಗೆ ಮಾಡುವಂತೆ ಒಲೆಯನ್ನು ಕಟ್ಟೆಯ ಮೇಲೆ ಇಡುವುದು ಒಳ್ಳೆಯದು.

4. ಪಾತ್ರೆಯ ಅಳತೆ: ಒಲೆಯ ಮೇಲಿನ ವೃತ್ತಕ್ಕಿಂತ ಸಣ್ಣ ತಳದ ಪಾತ್ರೆ ಬೇಡ. ಒಂದು ಲೋಟ ಕಾಫಿಗೆಂದು ಪುಟ್ಟ ಪಾತ್ರೆಯನ್ನು ಅಂಚಿನಲ್ಲಿಟ್ಟು ಕಾಯಿಸಬಾರದು. ತಳ ಚಪ್ಪಟೆಯಾಗಿರಲಿ, ಪಾತ್ರೆ ನಡುವೆಯೇ ಕೂರಲಿ.

5. ಸೌಟು: ಲೋಹದ ಸೌಟನ್ನು ಪಾತ್ರೆಯಲ್ಲಿಟ್ಟು ಬಹಳ ಹೊತ್ತು ಹಿಡಿದುಕೊಂಡಿರಬಾರದು. ಉದ್ದ ಹಿಡಿಯ ಮರದ ಸೌಟು ಬಳಸಿ. ಅದರಿಂದ ದೂರವೂ ಸಿಗುತ್ತದೆ, ಸೋರಿಕೆ ವಿದ್ಯುತ್ತೂ ಕೈಗೆ ಬರುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲದೆ ಒಣಗಿದ ಮರದ ಮಣೆ ಅಥವಾ ರಬ್ಬರ್ ಹಾಸಿನ ಮೇಲೆ ನಿಲ್ಲಿ.

6. ಮೊದಲು ಆರಿಸಿ, ಆಮೇಲೆ ಬಾಗಿ: ಉಪ್ಪು ನೋಡುವುದು, ಒಗ್ಗರಣೆ ಹಾಕುವುದು, ಪಾತ್ರೆ ಇಳಿಸುವುದು, ಒಲೆ ಒರೆಸುವುದು, ಹಿಂದಿನ ಗೋಡೆಯ ಡಬ್ಬಿಗೆ ಕೈ ಚಾಚುವುದು ಇವೆಲ್ಲಕ್ಕೂ ಇದೇ ನಿಯಮ.

7. ಪಾತ್ರೆಯ ಪರೀಕ್ಷೆ: ಹೊಸ ಪಾತ್ರೆ ಒಲೆಗೆ ಆಗುತ್ತದೆಯೇ ಎಂದು ತಳಕ್ಕೆ ಅಯಸ್ಕಾಂತ ಹಿಡಿದು ನೋಡುವುದುಂಟು. ಈ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಬಲವಾದ ಅಯಸ್ಕಾಂತ ಎದೆಯ ಹತ್ತಿರ ಬಂದರೂ ಪೇಸ್‌ಮೇಕರ್ ತನ್ನ ನಡೆಯನ್ನು ಬದಲಿಸುತ್ತದೆ.

ವೈರಿಂಗ್ ಮತ್ತು ಅರ್ತಿಂಗ್

2000 ವ್ಯಾಟ್ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪ, ಫ್ಯಾನುಗಳಿಗೆಂದು ಹಾಕಿದ 5 ಆಂಪಿಯರ್ ಸಾಕೆಟ್ಟು ಇದಕ್ಕೆ ಸಾಲದು. 15 ಅಥವಾ 16 ಆಂಪಿಯರ್ ಸಾಕೆಟ್ಟಿಗೆ ದಪ್ಪ ತಂತಿಯಲ್ಲಿ ಪ್ರತ್ಯೇಕ ಎಳೆ ಹಾಕಿಸಿ. ಮನೆಯ ಅರ್ತಿಂಗ್ ಸರಿಯಾಗಿದೆಯೇ ಎಂದು ವೈರಿಂಗ್ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗುವುದರಿಂದ ಆಗಾಗ ನೀರು ಹಾಕುತ್ತಿರಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವ ಸುರಕ್ಷಾ ಸ್ವಿಚ್ಚನ್ನು ಹಾಕಿಸಿದರೆ ಇಡೀ ಮನೆಗೇ ರಕ್ಷಣೆ. ಗಾಜು ಬಿರುಕು ಬಿಟ್ಟ ಒಲೆಯನ್ನಾಗಲಿ, ಮುಟ್ಟಿದರೆ ಜುಮ್ಮೆನ್ನುವ ಒಲೆಯನ್ನಾಗಲಿ ಪೇಸ್‌ಮೇಕರ್ ಇದ್ದವರೂ ಇಲ್ಲದವರೂ ಬಳಸಕೂಡದು.

ತೊಂದರೆ ಕಂಡರೆ ಏನು ಮಾಡಬೇಕು?

ಒಲೆಯ ಬಳಿ ಇರುವಾಗ ತಲೆಸುತ್ತು, ಕಣ್ಣು ಕತ್ತಲೆ, ಎದೆ ಡವಡವ ಅಥವಾ ಇದ್ದಕ್ಕಿದ್ದಂತೆ ನಿಶ್ಶಕ್ತಿ ಕಂಡರೆ ಕೂಡಲೇ ಹಿಂದೆ ಸರಿಯಿರಿ. ಮನೆಯವರನ್ನು ಕೂಗಿ ಒಲೆ ಆರಿಸಲು ಹೇಳಿ, ಕುಳಿತುಕೊಳ್ಳಿ. ದೂರ ಸರಿದ ಮೇಲೆ ಸರಿಹೋದರೂ ವೈದ್ಯರಿಗೆ ತಿಳಿಸಿ ಪೇಸ್‌ಮೇಕರ್ ಪರೀಕ್ಷೆ ಮಾಡಿಸಿ. ಸರಿಹೋಗದಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ಮನೆಯವರು ಮೊದಲು ಸ್ವಿಚ್ಚು ಆರಿಸಿ, 108ಕ್ಕೆ ಕರೆ ಮಾಡಬೇಕು. ಪೇಸ್‌ಮೇಕರ್ ಇದೆಯೆಂದು ತಪ್ಪದೆ ಹೇಳಬೇಕು.

ಕೆಲವರಿಗೆ ಐ.ಸಿ.ಡಿ. ಎಂಬ ಉಪಕರಣ ಹಾಕಿರುತ್ತಾರೆ. ಹೃದಯ ಅಪಾಯಕರ ವೇಗದಲ್ಲಿ ಬಡಿದಾಗ ಅದು ಒಳಗಿನಿಂದಲೇ ಶಾಕ್ ಕೊಡುತ್ತದೆ. ಗದ್ದಲವನ್ನು ವೇಗದ ಬಡಿತವೆಂದು ತಿಳಿದರೆ ಬೇಡದ ಶಾಕ್ ಕೊಟ್ಟೀತು. ಆದ್ದರಿಂದ ಅಂಥವರು ಎರಡು ಅಡಿಯ ನಿಯಮವನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು.

ಆಸ್ಪತ್ರೆಯಲ್ಲಿ ಕೇಳಬೇಕಾದದ್ದು

ಪೇಸ್‌ಮೇಕರ್ ಹಾಕಿದ ಆಸ್ಪತ್ರೆಯವರು ಒಂದು ಗುರುತಿನ ಚೀಟಿ ಕೊಡುತ್ತಾರೆ. ಅದನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸಿ ಇಡುವುದಕ್ಕಿಂತ ಸದಾ ಜೊತೆಯಲ್ಲಿ ಇಟ್ಟುಕೊಳ್ಳುವುದು ಮುಖ್ಯ. ಮುಂದಿನ ತಪಾಸಣೆಗೆ ಹೋದಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

ನನ್ನದು ಏಕಧ್ರುವವೋ, ದ್ವಿಧ್ರುವವೋ? ನನ್ನ ಹೃದಯ ಪೇಸ್‌ಮೇಕರ್ ಮೇಲೆ ಎಷ್ಟು ಅವಲಂಬಿಸಿದೆ? ಇಂಡಕ್ಷನ್ ಒಲೆಯಿಂದ ಎಷ್ಟು ದೂರ ಇರಬೇಕು? ಬ್ಯಾಟರಿ ಇನ್ನೆಷ್ಟು ವರ್ಷ ಬರುತ್ತದೆ?

ಬ್ಯಾಟರಿ ಸಾಮಾನ್ಯವಾಗಿ 5ರಿಂದ 15 ವರ್ಷ ಬಾಳುತ್ತದೆ. ಮೈಗೆ ಹಿತವಾಗಿದೆಯೆಂದು ತಪಾಸಣೆ ತಪ್ಪಿಸಬಾರದು.

ಹೊಲದಲ್ಲಿಯೂ ಇದೇ ಲೆಕ್ಕ

ಗಂಡಸರು ಇದು ಅಡುಗೆಮನೆಯ ಮಾತೆಂದು ಬಿಡಬಾರದು. ಮೊಬೈಲನ್ನು ಅಂಗಿಯ ಎಡ ಜೇಬಿನಲ್ಲಿ ಇಡದೆ ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್ ದೂರವಿಡಿ. ಇನ್ನೊಂದು ಬದಿಯ ಕಿವಿಗೆ ಹಿಡಿದು ಮಾತಾಡಿ. ಓಡುತ್ತಿರುವ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಮೇಲೆ ಬಾಗಬೇಡಿ. ಸೋಲಾರ್ ಬೇಲಿಯ ತಂತಿಯಲ್ಲಿ ಸೆಕೆಂಡಿಗೆ ಸುಮಾರು ಒಂದು ಬಾರಿ ಸಾವಿರಾರು ವೋಲ್ಟಿನ ಮಿಡಿತ ಹರಿಯುತ್ತದೆ. ಅದನ್ನು ಮುಟ್ಟಕೂಡದು, ಬೇಲಿಯ ಕೆಳಗಿನ ಕಳೆ ಕೀಳುವ ಮುನ್ನ ಯಂತ್ರವನ್ನು ಆರಿಸಿ. ವೆಲ್ಡಿಂಗ್ ಮಾಡುವುದನ್ನಾಗಲಿ, ಮರ ಕೊಯ್ಯುವ ಗರಗಸ ಯಂತ್ರ ಹಿಡಿಯುವುದನ್ನಾಗಲಿ ವೈದ್ಯರ ಒಪ್ಪಿಗೆಯಿಲ್ಲದೆ ಮಾಡಬೇಡಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಎದೆ ತಾಗಿಸಿ ನಿಲ್ಲದೆ ಕೈ ನೀಡಿ ಗುಂಡಿ ಒತ್ತಿ.

ಮನೆಯವರಿಗೆ ಮತ್ತು ಕಾರ್ಯಕರ್ತರಿಗೆ

ವಿಸ್ತರಣಾ ಕಾರ್ಯಕರ್ತರು ಸ್ವಸಹಾಯ ಸಂಘಗಳಲ್ಲಿ ಇಂಡಕ್ಷನ್ ಒಲೆಯ ಪ್ರಾತ್ಯಕ್ಷಿಕೆ ನಡೆಸುವಾಗ "ಇಲ್ಲಿ ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್ ಇದೆಯೇ?" ಎಂದು ಮೊದಲು ಕೇಳಬೇಕು. ಇದ್ದವರನ್ನು ಹೊರಗೆ ಕಳಿಸಬೇಕಿಲ್ಲ, ಎರಡು ಅಡಿಗಿಂತ ಹಿಂದೆ ಕೂರಿಸಿದರೆ ಸಾಕು. ಕೈಯಲ್ಲಿ ಒಂದು ದಾರವಿದ್ದರೆ ಆ ಅಳತೆಯನ್ನು ಅಲ್ಲಿಯೇ ತೋರಿಸಬಹುದು.

ಮನೆಯವರಿಗೆ ಒಂದು ಮಾತು. ಪೇಸ್‌ಮೇಕರ್ ಹಾಕಿಸಿಕೊಂಡ ತಾಯಿಯನ್ನೋ ಅತ್ತೆಯನ್ನೋ ಪ್ರೀತಿಯಿಂದಲೇ ಅಡುಗೆಮನೆಯಿಂದ ದೂರವಿಡುವುದುಂಟು. ನಲವತ್ತು ವರ್ಷ ಒಲೆ ನಡೆಸಿದವರಿಗೆ ಅದು ವಿಶ್ರಾಂತಿಯೆನಿಸದೆ, ತಾನು ಬೇಡವಾದೆನೆಂಬ ನೋವಾಗಬಹುದು. ಕೈಲಾಗುವ ಕೆಲಸವನ್ನು ಅವರು ಮಾಡಲಿ. ಒಲೆಯನ್ನು ಹಿಂದಕ್ಕೆ ಸರಿಸಿಕೊಡಿ, ಮರದ ಸೌಟು ತಂದುಕೊಡಿ, ಭಾರದ ಪಾತ್ರೆಯನ್ನು ನೀವು ಇಳಿಸಿಕೊಡಿ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು: ಎದೆಗೂ ಒಲೆಗೂ ಎರಡು ಅಡಿ ಅಂತರ, ವೃತ್ತ ತುಂಬುವ ಪಾತ್ರೆ, ಕೈಗೆ ಮರದ ಸೌಟು, ಬಾಗುವ ಮುನ್ನ ಒಲೆ ಆರಿಸುವುದು, ಸಂದೇಹ ಬಂದರೆ ವೈದ್ಯರನ್ನು ಕೇಳುವುದು. ಇಷ್ಟನ್ನು ಪಾಲಿಸಿದರೆ ಪೇಸ್‌ಮೇಕರ್ ಇರುವವರ ಮನೆಯಲ್ಲಿ ಇಂಡಕ್ಷನ್ ಒಲೆಯೂ ಇರಬಹುದು. ಇಂದು ಮನೆಗೆ ಹೋದ ಕೂಡಲೇ ಆ ದಾರವನ್ನು ಅಳೆದು ಕತ್ತರಿಸಿ, ಒಲೆಯ ಪಕ್ಕದ ಮೊಳೆಗೆ ತೂಗುಹಾಕಿ ಎಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.